ಹೇಳದೆ ಎದ್ದು ಹೋಗುತ್ತಿದ್ದ ಮೇಷ್ಟ್ರು

ನಮ್ಮ ಗಣಿತದ ಮೇಷ್ಟ್ರು ಯಾವ ಜಾಗದಿಂದಲೂ ಹೇಳಿ ಎದ್ದವರಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರ ಜೊತೆ ಕೂತಿರುತ್ತಿದ್ದರು, ನಾವು ಯಾವುದೋ ಮಾತಿಗೆ ನಕ್ಕು ತಿರುಗುವಷ್ಟರಲ್ಲಿ ಕುರ್ಚಿ ಖಾಲಿ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕಂಡವರು ಕೈ ತೊಳೆಯುವ ಜಾಗದಲ್ಲಿ ಕಾಣುತ್ತಿರಲಿಲ್ಲ. ನಮ್ಮ ಮನೆಗೆ ಬಂದಾಗ ಕಾಫಿ ತರಲೆಂದು ನಾನು ಒಳಗೆ ಹೋದರೆ, ಲೋಟ ಹಿಡಿದು ಹೊರಗೆ ಬರುವ ಹೊತ್ತಿಗೆ ಗೇಟಿನ ಚಿಲಕ ಇನ್ನೂ ಅಲುಗಾಡುತ್ತಿರುತ್ತಿತ್ತು. ‘ಹೋಗಿ ಬರ್ತೀನಿ’ ಅನ್ನುವ ಎರಡು ಮಾತಿಗೆ ಇವರಿಗೇನು ಬರಗಾಲ ಎಂದು ನಾನು ಬೈದುಕೊಂಡದ್ದು ಎಷ್ಟು ಸಲವೋ. ಹೋದ ತಿಂಗಳು ಒಂದು ಮಧ್ಯಾಹ್ನ ಟೀವಿ ಮುಂದೆ ಕೂತವರು ಕೂತ ಹಾಗೇ ಹೋಗಿಬಿಟ್ಟರು. ಆಗಲೂ ಯಾರಿಗೂ ಹೇಳಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಅವರು ಆ ವಾರವೆಲ್ಲ ರಜೆ ಹಾಕುತ್ತಿದ್ದರು. ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ, ಅವರು ಗಣಿತ. ನನ್ನ ಬಾಯಿ ದೊಡ್ಡದು ಎಂಬುದು ಊರಿಗೆಲ್ಲ ಗೊತ್ತು. ಅವರಿಗೆ ಬಾಯಿ ಇದೆಯೋ ಇಲ್ಲವೋ ಎಂಬ ಅನುಮಾನ ಊರಿಗೆಲ್ಲ ಇತ್ತು. ಹಾಗಾಗಿ ನಮ್ಮಿಬ್ಬರಿಗೆ ಹೊಂದಿಕೆಯಾಯಿತು.

ತರಗತಿಯಲ್ಲಿ ಅವರಿಗೆ ತೊಂದರೆಯಿರಲಿಲ್ಲ. ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳುತ್ತಿದ್ದರು. ಕೈಯಲ್ಲಿ ಸೀಮೆಸುಣ್ಣ ಇರುವವರೆಗೆ ಧ್ವನಿ ಸ್ವಚ್ಛವಾಗಿ ಬರುತ್ತಿತ್ತು. ಅದನ್ನು ಕೆಳಗಿಟ್ಟ ಕೂಡಲೇ ಗಂಟಲು ಕಟ್ಟುತ್ತಿತ್ತು. ಒಮ್ಮೆ ಮೇಲಿನ ಅಧಿಕಾರಿಯೊಬ್ಬರು ತಪಾಸಣೆಗೆ ಬಂದು “ನಿಮ್ಮ ಹೆಸರೇನ್ರೀ?” ಎಂದರೆ ಇವರು “ಹೌದು ಸಾರ್” ಅಂದುಬಿಟ್ಟರು. ಅಧಿಕಾರಿ ಮತ್ತೆ ಕೇಳಲಿಲ್ಲ. ರಸ್ತೆಯಲ್ಲಿ ಯಾರಾದರೂ ಪರಿಚಯದವರು ಎದುರಾದರೆ ಬಗ್ಗಿ ಶೂ ಲೇಸು ಕಟ್ಟುವವರಂತೆ ಕೂತುಬಿಡುತ್ತಿದ್ದರು. ಅವರು ಹಾಕುತ್ತಿದ್ದದ್ದು ಚಪ್ಪಲಿ. ಬಸ್ ನಿಲ್ದಾಣದ ಹತ್ತಿರ ಮಾತಾಡಿಸುವವರು ಜಾಸ್ತಿಯೆಂದು ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಶಾಲೆಗೆ ಬರುತ್ತಿದ್ದರು. ಮಳೆ ಬಂದ ದಿನ ಪಂಚೆಯೆಲ್ಲ ಕೆಸರು. ಕೇಳಿದರೆ, ಏರಿಯ ಮೇಲೆ ಗಾಳಿ ಚೆನ್ನಾಗಿದೆ ಅನ್ನುವರು.

ಅವರು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ. ತಂದೆ ರೈಲ್ವೆಯಲ್ಲಿ ಗುಮಾಸ್ತರು. ಆಗ ಸಿನಿಮಾ ಎಂದರೆ ಮಧ್ಯಾಹ್ನದ ಆಟವೇ ಆಗಬೇಕು ಇವರಿಗೆ, ಕೊಬ್ಬರಿ ಸಂತೆಯ ದಿನವಂತೂ ಟಾಕೀಸಿನಲ್ಲಿ ಜನ ಇರುತ್ತಿರಲಿಲ್ಲವಂತೆ. ಆಮೇಲೆ ಬೀದಿಗೊಂದು ಟೀವಿ ಬಂತು. ಭಾನುವಾರ ಸಂಜೆ ಪಕ್ಕದ ಮನೆಯ ಹಜಾರದಲ್ಲಿ ಇಡೀ ಬೀದಿ ಕೂತು ಸಿನಿಮಾ ನೋಡುತ್ತಿದ್ದರೆ, ಕಾಲೇಜಿಗೆ ಹೋಗುತ್ತಿದ್ದ ಈ ಹುಡುಗ ಹೊರಗೆ ಕಿಟಕಿಯ ಸರಳು ಹಿಡಿದು ನಿಂತು ನೋಡುತ್ತಿದ್ದ. ಒಳಗೆ ಬಾ ಎಂದು ಕರೆದರೆ ಮನೆಗೆ ಓಡುತ್ತಿದ್ದ.

ಹಾಗೆ ಕಿಟಕಿಯಾಚೆ ನಿಂತು ನೋಡಿದ್ದರಿಂದಲೋ ಏನೋ, ಅವರು ಸಿನಿಮಾದಲ್ಲಿ ನೋಡುತ್ತಿದ್ದದ್ದೇ ಬೇರೆ. ನಾಯಕ, ನಾಯಕಿ, ಖಳನಾಯಕ ಇವರ್ಯಾರೂ ಅವರಿಗೆ ಬೇಕಿರಲಿಲ್ಲ. ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ಒಬ್ಬ ಪುಕ್ಕಲ ಇರುತ್ತಾನಲ್ಲ, ಅವನು ಬೇಕು. ಫೋನಿನಲ್ಲಿ ಸಾಹೇಬರ ದನಿ ಕೇಳಿದ ಕೂಡಲೇ ಕುರ್ಚಿಯಿಂದ ಎದ್ದು ನಿಲ್ಲುವ ಗುಮಾಸ್ತ. ಹುಡುಗಿಗೆಂದು ಹೂವು ತಂದು, ಗಾಬರಿಯಲ್ಲಿ ಅವಳ ತಾತನ ಕೈಗೆ ಕೊಟ್ಟು ಬರುವ ಬ್ರಹ್ಮಚಾರಿ. ಧಾರಾವಾಹಿಗಳಲ್ಲಿ ಪಕ್ಕದ ಮನೆಯ ಗಂಟೆ ಒತ್ತಿ, ಬಾಗಿಲು ತೆರೆಯುವ ಸದ್ದಾದರೆ ಗೋಡೆಯ ಮರೆಗೆ ಸರಿಯುವ ಬಾಡಿಗೆದಾರ. ಇವರನ್ನೆಲ್ಲ ಮೇಷ್ಟ್ರು ‘ನಮ್ಮವರು’ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದರೆ ಹತ್ತಿರ ಬಂದು, ನಿನ್ನೆ ಟೀವಿಯಲ್ಲಿ ನಮ್ಮವರೊಬ್ಬರು ಬಂದಿದ್ದರು ಎಂದು, ನೆಂಟರ ಸುದ್ದಿ ಹೇಳುವ ಹಾಗೆ ಹೇಳುವರು.

ಬೇರೆ ಮೇಷ್ಟ್ರು ರಜೆಯಲ್ಲಿದ್ದಾಗ ಇವರು ಮಕ್ಕಳಿಗೆ ಸಿನಿಮಾ ಕತೆ ಹೇಳುತ್ತಿದ್ದರು, ಅದೂ ಬೋರ್ಡಿಗೆ ಮುಖ ಮಾಡಿಯೇ. ಗುಮಾಸ್ತನೊಬ್ಬ ಬೆಳಿಗ್ಗೆ ಏಳುತ್ತಾನೆ, ಕನ್ನಡಿಯ ಮುಂದೆ ನಿಂತು ಇವತ್ತು ಸಾಹೇಬರಿಗೆ ರಜೆ ಕೇಳೇ ಕೇಳುತ್ತೇನೆ ಅಂದುಕೊಳ್ಳುತ್ತಾನೆ, ಹೀಗೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದವು. ಆಮೇಲೊಂದು ದಿನ ಅದೇ ಸಿನಿಮಾ ಟೀವಿಯಲ್ಲಿ ಬಂದಾಗ ನೋಡಿದರೆ, ಅದೊಂದು ರಾಜಮನೆತನದ ಕತ್ತಿಕಾಳಗದ ಕತೆ, ಇಲ್ಲವೇ ಅಣ್ಣ ತಮ್ಮಂದಿರು ಬೇರೆಯಾಗಿ ಒಂದಾಗುವ ಕತೆ. ಆ ಗುಮಾಸ್ತ ಅದರಲ್ಲಿ ಬಂದು ಹೋಗುವುದೇ ಗೊತ್ತಾಗುತ್ತಿರಲಿಲ್ಲ. ಮಕ್ಕಳು ನನ್ನ ಹತ್ತಿರ ದೂರು ತಂದರೆ, ನಾನು ಹೋಗಿ, ಮೇಷ್ಟ್ರೇ, ಇದೇನು ಮಕ್ಕಳಿಗೆ ಸುಳ್ಳು ಕತೆ ಹೇಳುತ್ತೀರಿ ಎಂದೆ.

“ಸುಳ್ಳಲ್ಲ ಮೇಡಂ” ಅಂದರು. “ಅವನು ತಪ್ಪು ಮಾತಾಡ್ತಾನೆ, ಎಲ್ಲರೂ ನಗ್ತಾರೆ. ಕ್ಯಾಮೆರಾ ನಾಯಕನ ಹಿಂದೆ ಹೊರಟು ಹೋಗುತ್ತೆ. ಇವನು ಆಮೇಲೆ ಮನೆಗೆ ಹೇಗೆ ಹೋದ? ಯಾರಿಗೆ ಏನಂತ ಹೇಳಿದ? ಅದನ್ನ ಯಾರೂ ತೋರಿಸೋದೇ ಇಲ್ಲ.”

ಅವರ ಬಾಯಿಂದ ಒಟ್ಟಿಗೆ ಅಷ್ಟು ಮಾತು ಬಂದದ್ದೇ ಹೆಚ್ಚು. ಮುಗಿಸಿ ಕೆಂಪಾಗಿ, ಎಂದಿನಂತೆ ಎದ್ದು ಹೋದರು.

ಅವರು ಸಿಟ್ಟಾದದ್ದನ್ನು ನಾನು ಒಂದೇ ಸಲ ನೋಡಿದ್ದು. ವಾರ್ಷಿಕೋತ್ಸವದಲ್ಲಿ ಪರದೆ ಎಳೆಯುವ ಕೆಲಸ ಪ್ರತಿ ವರ್ಷವೂ ಅವರದೇ. ಪಕ್ಕದ ಕತ್ತಲಲ್ಲಿ ಹಗ್ಗ ಹಿಡಿದು ನಿಂತರೆ ಅವರಷ್ಟು ಸುಖಿ ಇಲ್ಲ. ಒಂದು ವರ್ಷ ನಮ್ಮ ಡ್ರಿಲ್ ಮಾಸ್ತರು ಹಾಸ್ಯ ಪ್ರಹಸನವೊಂದನ್ನು ಮಾಡಿದರು. ಒಬ್ಬ ಪುಕ್ಕಲು ಮೇಷ್ಟ್ರು, ಬಗ್ಗಿ ಚಪ್ಪಲಿಗೆ ಲೇಸು ಕಟ್ಟುತ್ತಾನೆ, ಹೆಸರು ಕೇಳಿದರೆ ಹೌದು ಅನ್ನುತ್ತಾನೆ. ಊರಿನವರೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗು ಜೋರಾಗಿದ್ದಾಗಲೇ ಪರದೆ ಧೊಪ್ಪೆಂದು ಬಿತ್ತು. ಡ್ರಿಲ್ ಮಾಸ್ತರ ಅರ್ಧ ದೇಹ ಪರದೆಯ ಈಚೆ, ಅರ್ಧ ಆಚೆ. ಏನಾಯಿತೆಂದು ನಾನು ಪಕ್ಕಕ್ಕೆ ಓಡಿದರೆ, ಮೇಷ್ಟ್ರು ಹಗ್ಗವನ್ನು ಗೂಟಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕುತ್ತಿದ್ದರು. ಕೈ ಜಾರಿತು ಮೇಡಂ ಎಂದರು. ಅಷ್ಟು ಭದ್ರವಾದ ಗಂಟನ್ನು ಜಾರಿದ ಕೈ ಹಾಕಿರಲಾರದು ಎಂದು ನನಗೆ ಖುಷಿಯಾಯಿತು.

ಅವರ ಹೆಂಡತಿ ನನ್ನ ಹಾಗೆಯೇ ಬಾಯಾಳಿ, ಒಳ್ಳೆಯ ಹೆಂಗಸು. ಗಂಡನ ಪಾಲಿನ ಮಾತನ್ನೂ ಆಕೆಯೇ ಆಡುತ್ತಿದ್ದರು. ಹಾಲಿನವನ ಹತ್ತಿರ, ಮನೆ ಮಾಲೀಕರ ಹತ್ತಿರ, ನೆಂಟರ ಹತ್ತಿರ, ಎಲ್ಲ ಕಡೆ ಆಕೆ ಮುಂದೆ, ಇವರು ಒಂದು ಹೆಜ್ಜೆ ಹಿಂದೆ. ಮಗಳು ಹೈಸ್ಕೂಲು ಮುಟ್ಟುವ ಮೊದಲೇ ಆಕೆ ಕಾಯಿಲೆ ಬಂದು ತೀರಿಕೊಂಡರು. ಆಮೇಲೆ ಆ ಮನೆಯ ಬಾಗಿಲಿಗೆ ಯಾರು ಬಂದರೂ ಮಗಳೇ ಉತ್ತರ ಕೊಡಬೇಕಾಯಿತು. ಅವಳು ಚೂಟಿ. ಓದಿ, ಹಾಸನದಲ್ಲಿ ನರ್ಸ್ ಆದಳು. ಬೇಲೂರಿನ ಕಡೆ ಗಂಡು ಗೊತ್ತಾಯಿತು. ಗಂಡಿನವರದು ದೇವಸ್ಥಾನದ ಸೇವೆಯ ಮನೆತನ, ದೊಡ್ಡ ಬಳಗ. ನಿಶ್ಚಿತಾರ್ಥಕ್ಕೆ ಅವರ ಕಡೆಯವರು ಬಂದು ಕೂತರೆ ಜಮಖಾನ ಸಾಲದಾಯಿತು. ನಮ್ಮ ಕಡೆ ಕೂತಿದ್ದವರು ಮೇಷ್ಟ್ರು, ಅವರೊಬ್ಬ ಭಾವ, ನಾನು, ನನ್ನ ಯಜಮಾನರು.

ಅದಾದ ಮೇಲೆ ಒಂದು ದಿನ ಮಗಳು ನಮ್ಮ ಮನೆಗೆ ಬಂದಳು. ಕಾಫಿ ಮುಟ್ಟಲಿಲ್ಲ.

“ಮಿಸ್, ಅಪ್ಪ ಮದುವೆ ಪತ್ರಿಕೆನೆಲ್ಲ ಅಂಚೆಗೆ ಹಾಕಿಬಿಡ್ತೀನಿ ಅಂತಾರೆ” ಅಂದಳು. “ಹಾಗೆ ಮಾಡಿದ್ರೆ ನಮ್ಮ ಕಡೆ ಯಾರು ಬರ್ತಾರೆ? ಧಾರೆಗೆ ನಿಂತಾಗ ನನ್ನ ಹಿಂದೆ ಖಾಲಿ ಕುರ್ಚಿ ಇದ್ರೆ ಆ ಮನೆಯವರು ಜನ್ಮವೆಲ್ಲ ಅದನ್ನೇ ಆಡ್ತಾರೆ.”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಸೀಮೆಯಲ್ಲಿ ಮದುವೆಗೆ ಮನೆ ಬಾಗಿಲಿಗೆ ಹೋಗಿ, ಕುಂಕುಮ ಕೊಟ್ಟು, ಬಾಯಿ ತುಂಬ ಕರೆಯಬೇಕು. ಅಂಚೆಯಲ್ಲಿ ಬಂದ ಪತ್ರಿಕೆಯನ್ನು ಜನ ದೇವರ ಮುಂದೆ ಇಟ್ಟು ಸುಮ್ಮನಾಗುತ್ತಾರೆ. ಆಮೇಲೆ ಸಿಕ್ಕಾಗ, ಪತ್ರಿಕೆ ಬಂತು ಕಣ್ರೀ, ಆದರೆ ಕರೆಯಲಿಲ್ಲವಲ್ಲ ನೀವು ಅನ್ನುತ್ತಾರೆ. ಕುಂಕುಮ ಕೊಡುವುದಕ್ಕೆ ಹೆಂಗಸು ಬೇಕು, ಕರೆಯುವುದಕ್ಕೆ ಮನೆಯ ಯಜಮಾನ ಬೇಕು. ಕುಂಕುಮದ ಭಾರ ನನ್ನದೆಂದೆ. ಯಜಮಾನನನ್ನು ತಯಾರು ಮಾಡುವ ಭಾರವನ್ನೂ ನಾನೇ ಹೊತ್ತೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಹೆಣ್ಣು ಹೆತ್ತ ಮೇಲೆ ನಾಲ್ಕು ಬಾಗಿಲು ತಟ್ಟಲೇಬೇಕು ಎಂದು ಮೇಷ್ಟ್ರನ್ನು ಮನೆಗೆ ಕರೆಸಿದೆ.

ಅಭ್ಯಾಸ ನಮ್ಮ ಹಜಾರದಲ್ಲೇ ನಡೆಯಿತು. ನನ್ನ ಯಜಮಾನರು ಸೋಫಾದ ಮೇಲೆ ಕೂತು ಆ ಮನೆಯವರಾಗುವುದು, ಮೇಷ್ಟ್ರು ಹೊರಗಿಂದ ಬಂದು ಕರೆಯುವುದು. ಅವರು ಹೇಳಬೇಕಾದ ಮಾತನ್ನು ನಾನೇ ಕಟ್ಟಿಕೊಟ್ಟೆ: “ಮಗಳ ಮದುವೆ ಇಟ್ಕೊಂಡಿದ್ದೀವಿ. ಮನೆಮಂದಿಯೆಲ್ಲ ಬರಬೇಕು. ಹೋಗಿ ಬರ್ತೀನಿ.” ಕೊನೆಯದನ್ನು ಮರೆಯಬಾರದು ಎಂದು ತಾಕೀತು ಮಾಡಿದೆ. ಅವರು ಕರೆದು ಹೇಳದೆ ಎದ್ದು ಬಂದರೆ ಕರೆದದ್ದೂ ನೀರಿಗೆ ಹಾಕಿದ ಹಾಗೆ. ನನ್ನ ಯಜಮಾನರಿಗೆ ಈ ನಾಟಕದಲ್ಲಿ ಎಲ್ಲಿಲ್ಲದ ಹುರುಪು ಬಂತು. ಒಂದು ದಿನ ಕಿವುಡರಾದರು, ಒಂದು ದಿನ ಹಳೆಯ ಜಗಳ ತೆಗೆಯುವ ದಾಯಾದಿಯಾದರು. ಮೇಷ್ಟ್ರು ಬಾಗಿಲ ಹತ್ತಿರ ಬಂದು, ತಟ್ಟಲು ಕೈಯೆತ್ತಿ, ಮತ್ತೆ ಹಿಂದಕ್ಕೆ ಎಳೆದುಕೊಳ್ಳುವುದನ್ನು ನಾನು ಒಳಗಿನ ಕಿಟಕಿಯಿಂದ ನೋಡುತ್ತಿದ್ದೆ. ಆದರೂ ದಿನವೂ ಬಂದರು. ಕೊನೆಗೆ ಆ ಮೂರು ಮಾತು ಮಗ್ಗಿಯ ಹಾಗೆ ಬಾಯಿಗೆ ಬಂತು.

ಹಳೇಬೀಡಿನ ಮನೆಗಳನ್ನು ಹೇಗೋ ಮುಗಿಸಿದೆವು. ಮೊದಲನೆಯ ಮನೆಯಲ್ಲಿ ಮೇಷ್ಟ್ರು ಕುಂಕುಮದ ಭರಣಿಯನ್ನು ನನ್ನ ಕೈಯಿಂದ ತೆಗೆದು ಗಂಡಸರಿಗೆ ಕೊಟ್ಟರು, ಅಷ್ಟು ಬಿಟ್ಟರೆ ದೊಡ್ಡ ಅನಾಹುತವೇನೂ ಆಗಲಿಲ್ಲ. ಆಮೇಲೆ ಒಂದು ದಿನ ಹುಲಿಕೆರೆಗೆ ಹೋದೆವು. ಆ ಊರಿನ ಮಕ್ಕಳೆಲ್ಲ ನಮ್ಮ ಶಾಲೆಗೇ ಬರುವುದು, ಮೇಷ್ಟ್ರ ಕೈಯಲ್ಲಿ ಗಣಿತ ಕಲಿತ ಮನೆಗಳು ಬಹಳ. ಒಂದು ಮನೆಯಲ್ಲಿ ಹೆಂಗಸರು ನನ್ನನ್ನು ಬಿಡಲೊಲ್ಲರು, ಹೂವು ಮುಡಿಸಬೇಕು, ತಾಂಬೂಲ ಕೊಡಬೇಕು ಅಂದರು. ಬೀದಿಯ ಆ ತುದಿಯಲ್ಲಿ ಇನ್ನೊಂದು ದೊಡ್ಡ ಮನೆ. ಅಲ್ಲಿಗೆ ನೀವೇ ಹೋಗಿ ಕರೆಯುತ್ತಿರಿ, ಕುಂಕುಮ ಹಿಡಿದು ನಾನು ಹಿಂದೆಯೇ ಬರುತ್ತೇನೆ ಎಂದು ಮೇಷ್ಟ್ರನ್ನು ಕಳಿಸಿದೆ. ಅವರು ಪತ್ರಿಕೆಯ ಚೀಲ ಎದೆಗವಚಿಕೊಂಡು ಹೋದರು.

ಆ ಮನೆಯ ಹೆಂಗಸು ಹೂವು ತಂದು, ಮೇಷ್ಟ್ರು ಎಲ್ಲಿ ಅಂದಳು. ಹೇಳಿದೆ. ಅವಳ ಮುಖ ಇಳಿಯಿತು.

“ಅಯ್ಯೋ, ಆ ಮನೇಗೆ ಇವಾಗ ಕರ್ಯಾಕೆ ಹೋಗ್ಬ್ಯಾಡಿ ಮೇಡಮ್ಮ. ಯಜಮಾನ್ರು ತೀರ್ಕಂಡು ಇನ್ನಾ ಮೂರು ದಿನ ಆಗೈತೆ.”

ನಾನು ಹೂವು ಅಲ್ಲೇ ಬಿಟ್ಟು ಓಡಿದೆ. ನನ್ನ ಮೈಗೆ ಓಟ ಒಗ್ಗುವಂಥದಲ್ಲ. ಹೋಗುವಷ್ಟರಲ್ಲಿ ಮೇಷ್ಟ್ರು ಒಳಗೆ ಕೂತಾಗಿತ್ತು. ಬಾಗಿಲಲ್ಲಿ ರಾಶಿ ಚಪ್ಪಲಿ, ಜಗಲಿಯಲ್ಲಿ ತಲೆ ತಗ್ಗಿಸಿದ ಗಂಡಸರು, ನಡುಮನೆಯಲ್ಲಿ ದೀಪ, ಅದರ ಪಕ್ಕ ಗೋಡೆಗೆ ಒರಗಿದ ಅಜ್ಜಿ, ತೀರಿಕೊಂಡ ಯಜಮಾನರ ಹೆಂಡತಿ. ಮೇಷ್ಟ್ರು ಕಂಬದ ಹತ್ತಿರ ಚಾಪೆಯ ಮೇಲೆ ಕೈಮುಗಿದು ಕೂತಿದ್ದರು. ಚೀಲ ತೊಡೆಯ ಮೇಲಿತ್ತು, ಅದರ ಬಾಯಿ ಬಿಗಿಯಾಗಿ ಮಡಿಚಿತ್ತು. ಸದ್ಯ, ಪತ್ರಿಕೆ ಹೊರಗೆ ತೆಗೆದಿಲ್ಲ ಎಂದು ನನಗೆ ಜೀವ ಬಂತು. ಕುಂಕುಮದ ಭರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊಸ್ತಿಲಾಚೆಯೇ ನಿಂತೆ.

ಸಾವಿನ ಮನೆಯಲ್ಲಿ ಬಂದವರಿಗೆ ಬನ್ನಿ ಅನ್ನುವುದಿಲ್ಲ. ಬಂದವರು ಏನೂ ಮಾತಾಡಬೇಕಾಗಿಲ್ಲ. ಹೊರಡುವಾಗ ಬರ್ತೀನಿ ಅನ್ನುವಂತೆಯೇ ಇಲ್ಲ, ಸುಮ್ಮನೆ ಎದ್ದು ಹೋಗಬೇಕು. ಅಂಥ ಮನೆಗೆ ಮತ್ತೆ ಬರುವ ಹಾಗಾಗಬಾರದಲ್ಲ. ನಮ್ಮ ಮೇಷ್ಟ್ರಿಗೆಂದೇ ಮಾಡಿಟ್ಟ ಪದ್ಧತಿ ಅದು. ಜನ್ಮವೆಲ್ಲ ಅವರು ಎಲ್ಲ ಮನೆಗಳಲ್ಲೂ ಹೀಗೆಯೇ ಇದ್ದವರು. ಇನ್ನೇನು ಎದ್ದು ಬರುತ್ತಾರೆ, ಬಂದರೆ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದು ಕಾದೆ.

ಅವರು ಎದ್ದರು. ಅಜ್ಜಿಯ ಕಡೆ ತಿರುಗಿ ಕೈಮುಗಿದರು. ಎದ್ದು ಕೈಮುಗಿದ ಮೇಲೆ ಏನು ಬರಬೇಕೋ ಅದು, ನಮ್ಮ ಹಜಾರದಲ್ಲಿ ಕಲಿತ ಹಾಗೆ, ಗಟ್ಟಿಯಾಗಿ, ಸ್ಪಷ್ಟವಾಗಿ ಬಂದುಬಿಟ್ಟಿತು.

“ಹೋಗಿ ಬರ್ತೀನಿ.”

ಮನೆಯೆಲ್ಲ ಗರಬಡಿದಂತಾಯಿತು. ಜಗಲಿಯಲ್ಲಿದ್ದ ಒಬ್ಬರು ಶಿವಶಿವಾ ಅಂದರು. ಮೇಷ್ಟ್ರಿಗೆ ತಾವು ಹೇಳಿದ್ದು ಕಿವಿಗೆ ಬಿದ್ದದ್ದು ಆಮೇಲೆ. ಮುಗಿದ ಕೈ ಇಳಿಸದೆ ಅಲ್ಲೇ ನಿಂತುಬಿಟ್ಟರು. ಆಗ ಅಜ್ಜಿ ತಲೆಯೆತ್ತಿ ನೋಡಿತು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

“ಬನ್ನಿ ಮೇಷ್ಟ್ರೇ” ಅಂದಿತು. “ಎಲ್ಲಾರೂ ಬತ್ತಾವ್ರೆ, ಕೂತ್ಕತ್ತಾವ್ರೆ, ಹೇಳ್ದೆ ಎದ್ದೋಯ್ತಾವ್ರೆ. ಅವ್ರೂ ಹೇಳ್ದೇನೇ ಹೋದ್ರು. ಬತ್ತೀನಿ ಅಂದೋರು ನೀವೊಬ್ರೇಯ.”

ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಊರಿನ ಹಳೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಬಂದು ಕೂತೆವು. ಮೇಷ್ಟ್ರು ನೀರು ನೋಡುತ್ತ, ಇದು ಪರದೆಯ ಮೇಲೆ ಆಗಿದ್ದರೆ ಎಲ್ಲರೂ ನಕ್ಕಿರುತ್ತಿದ್ದರು, ಕ್ಯಾಮೆರಾ ಬೇರೆ ಕಡೆ ಹೋಗಿರುತ್ತಿತ್ತು ಎಂದರು. ನನಗೆ ಬಹಳ ಸಂಕಟವಾಯಿತು.

ಅಂದಿನಿಂದ ಅವರು ಕರೆಯುವುದನ್ನು ನಿಲ್ಲಿಸಿಬಿಟ್ಟರು. ಹುಲಿಕೆರೆಯ ಅರ್ಧ ಊರು, ಅರಸೀಕೆರೆಯ ಬಳಗ, ಬೇಲೂರಿನ ಹಳೆಯ ಸಹೋದ್ಯೋಗಿಗಳು, ಯಾರ ಬಾಗಿಲಿಗೂ ಹೋಗಲಿಲ್ಲ. ನಾನು ಬೈದೆ, ಬೇಡಿಕೊಂಡೆ. ಮಗಳು ಅತ್ತಳು. ಅವರು ತಲೆ ತಗ್ಗಿಸಿ ಕೇಳಿ, ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಹೋಗುತ್ತಿದ್ದರು. ಒಂದು ಮನೆಗೆ ಮಾತ್ರ ಹೋದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹುಲಿಕೆರೆಯ ಬಸ್ಸು ಹತ್ತುವುದನ್ನು ನೋಡಿ, ಎಲ್ಲಿಗೆ ಎಂದು ತಡೆದು ಕೇಳಿದೆ.

“ಬರ್ತೀನಿ ಅಂದುಬಿಟ್ಟಿದ್ದೀನಲ್ಲ ಮೇಡಂ” ಅಂದರು. “ಹೋಗದೇ ಇದ್ದರೆ ಹೇಗೆ?”

ಮುಂದಿನ ಶನಿವಾರವೂ ಹೋದರು, ಅದರ ಮುಂದಿನದಕ್ಕೂ. ಹೋಗಿ ಏನು ಮಾಡುತ್ತಿದ್ದರು ಎಂದರೆ, ಅಜ್ಜಿ ಅವರೆಕಾಯಿಯನ್ನೋ ಹುಣಸೆಹಣ್ಣನ್ನೋ ಮುಂದೆ ಹಾಕಿಕೊಂಡು ಕೂತಿದ್ದರೆ ಇವರೂ ಕೂತು ಬಿಡಿಸುತ್ತಿದ್ದರು. ಕೈಗೊಂದು ಕೆಲಸ ಸಿಕ್ಕಿದ ಮೇಲೆ ಬಾಯಿಗೂ ಸ್ವಲ್ಪ ಸಡಿಲ ಬರುತ್ತಿತ್ತು. ಒಂದು ದಿನ ಅಜ್ಜಿ, ಅವತ್ತು ಆ ಚೀಲದಲ್ಲಿ ಏನಿಟ್ಟುಕೊಂಡಿದ್ದಿರಿ ಎಂದು ಕೇಳಿತಂತೆ. ಇವರು ಹೇಳಿದರಂತೆ. ಅಜ್ಜಿ ಮಗಳ ಹೆಸರೇನು ಎಂದು ಮಾತ್ರ ಕೇಳಿತಂತೆ.

ಮದುವೆ ಹಳೇಬೀಡಿನ ಛತ್ರದಲ್ಲೇ ನಡೆಯಿತು. ಬೆಳಿಗ್ಗೆ ಗಂಡಿನ ಕಡೆಯವರು ಬಸ್ಸು ತುಂಬಿಕೊಂಡು ಬಂದಿಳಿದರು. ನಮ್ಮ ಕಡೆಯ ಕುರ್ಚಿಗಳಲ್ಲಿ ಶಾಲೆಯವರು, ಹಳೇಬೀಡಿನ ನಾಲ್ಕಾರು ಮನೆಯವರು, ಅಷ್ಟೇ. ನಾನು ಮೇಷ್ಟ್ರ ಕೈಗೆ ಪನ್ನೀರು ದಾನಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ್ದೆ. ಬಂದವರಿಗೆಲ್ಲ ಚಿಮುಕಿಸುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಒಳಗೆ ಅಲಂಕಾರ ಮಾಡಿಸಿಕೊಳ್ಳುತ್ತಿದ್ದ ಹುಡುಗಿ, ನಾನು ಒಳಗೆ ಬಂದಾಗಲೆಲ್ಲ ಕಣ್ಣಲ್ಲೇ ಕೇಳುತ್ತಿದ್ದಳು. ಬರುತ್ತಿದ್ದಾರೆ, ಬರುತ್ತಿದ್ದಾರೆ ಎಂದು ನಾನು ಸುಳ್ಳು ಹೇಳುತ್ತಿದ್ದೆ.

ಮುಹೂರ್ತ ಹತ್ತಿರ ಬಂದಾಗ ಹೊರಗೆ ಟ್ರ್ಯಾಕ್ಟರಿನ ಸದ್ದಾಯಿತು. ನೋಡಿದರೆ ಟ್ರೇಲರಿನ ತುಂಬ ಹುಲಿಕೆರೆಯ ಹೆಂಗಸರು, ರೇಷ್ಮೆ ಸೀರೆ, ತಲೆ ತುಂಬ ಹೂವು. ಹಿಂದೆ ಇನ್ನೊಂದು ಟ್ರ್ಯಾಕ್ಟರಿನಲ್ಲಿ ಗಂಡಸರು. ನಾವು ಬಾಗಿಲು ತಟ್ಟದ ಮನೆಯವರೂ ಇದ್ದರು. ಯಜಮಾನರು ಹೋಗಿ ವರ್ಷ ತುಂಬಿರಲಿಲ್ಲವಾದ್ದರಿಂದ ಅಜ್ಜಿ ಮದುವೆಗೆ ಬರುವ ಹಾಗಿಲ್ಲ, ಅದರ ಮನೆಯವರೂ ಬರುವ ಹಾಗಿಲ್ಲ. ಅದಕ್ಕೇ ಅಜ್ಜಿ ಬೀದಿಯಲ್ಲಿ ಪ್ರತಿ ಮನೆಯ ಮುಂದೆಯೂ ಹೊರಗೇ ನಿಂತು, ಹುಡುಗಿಯ ಹೆಸರು ಹೇಳಿ ಕರೆದಿತ್ತಂತೆ. ಮುಂದೆ ಇಳಿದ ಹೆಂಗಸು ಮೇಷ್ಟ್ರಿಗೆ, “ಅಜ್ಜಿ ಕಳ್ಸೈತೆ ಮೇಷ್ಟ್ರೇ. ನಮ್ಮ ಮನೆ ಕಷ್ಟಕ್ಕೆ ಕೂತೋರು, ಅವರ ಮನೆ ಸುಖಕ್ಕೆ ಹೋಗ್ಬನ್ನಿ ಅಂತು” ಎಂದಳು.

ಮೇಷ್ಟ್ರು “ಬನ್ನಿ” ಅಂದರು. ನಾನು ಕಲಿಸಿದ ಮಾತಲ್ಲ ಅದು. ಬನ್ನಿ, ಬನ್ನಿ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ ಹೇಳಿದರು. ಪನ್ನೀರು ಆಗಲೇ ಮುಗಿದಿತ್ತು, ಆದರೂ ಖಾಲಿ ದಾನಿಯನ್ನು ಅಲ್ಲಾಡಿಸುತ್ತಲೇ ಇದ್ದರು, ಬಂದವರೂ ತಲೆ ಬಗ್ಗಿಸುತ್ತಲೇ ಇದ್ದರು. ಧಾರೆಯ ಹೊತ್ತಿಗೆ ನಮ್ಮ ಕಡೆಯವರಿಗೆ ಕುರ್ಚಿ ಸಾಲದೆ ಗಂಡಿನ ಕಡೆಯಿಂದ ಎತ್ತಿಕೊಂಡು ಬಂದೆವು. ಹುಡುಗಿ ತಲೆಯೆತ್ತಿ ಹಿಂದೆ ತಿರುಗಿ ನೋಡಿ ನಕ್ಕಳು. ನಾನು ಆ ದಿನ ಅತ್ತಷ್ಟು ನನ್ನ ಸ್ವಂತ ಮಗಳ ಮದುವೆಯಲ್ಲೂ ಅಳಲಿಲ್ಲ.

ಮದುವೆ ಮುಗಿದ ಮೇಲೂ ಮೇಷ್ಟ್ರ ಶನಿವಾರ ನಿಲ್ಲಲಿಲ್ಲ. ಅಜ್ಜಿಯ ಮನೆಯಲ್ಲಿ ಟೀವಿ ಇತ್ತು, ಮಧ್ಯಾಹ್ನ ಹಳೆಯ ಸಿನಿಮಾ ಬರುತ್ತಿತ್ತು. ಇಬ್ಬರೂ ಕಾಯಿ ಬಿಡಿಸುತ್ತ ನೋಡುವರು. ಒಂದು ಸೋಮವಾರ ಮೇಷ್ಟ್ರು ಸ್ಟಾಫ್ ರೂಮಿಗೆ ಬಂದವರು, ಬೇರೆಯವರೂ ಇದ್ದಾರೆ ಎಂಬುದನ್ನೇ ಮರೆತು ನೇರ ನನ್ನ ಹತ್ತಿರ ಬಂದರು. ಶನಿವಾರದ ಚಿತ್ರದಲ್ಲಿ ನಮ್ಮವರೊಬ್ಬರು ದೊಡ್ಡವರ ಮನೆಯ ಔತಣಕ್ಕೆ ಹೋಗಿ, ಏನೋ ತಪ್ಪು ಮಾತಾಡಿ, ಎಲ್ಲರೂ ನಕ್ಕಾಗ ಎಲೆಯ ಮುಂದಿನಿಂದ ಎದ್ದು ಹೋದರಂತೆ. ಆಮೇಲೆ ಹಾಡು ಬಂತು, ಕುಣಿತ ಬಂತು, ಜಗಳ ಬಂತು. ಎಲ್ಲ ಮುಗಿಯುವ ಹೊತ್ತಿಗೆ ಅಜ್ಜಿ ಕೇಳಿತಂತೆ: “ಅಲ್ಲ ಮೇಷ್ಟ್ರೇ, ಆವಯ್ಯ ಎದ್ದೋದ್ನಲ್ಲ, ಆಮ್ಯಾಕೆ ಊಟ ಮಾಡ್ದನಾ?”

“ಅಜ್ಜಿ ಕೇಳಿದ್ರು ಮೇಡಂ” ಎಂದು ಎರಡು ಸಲ ಹೇಳಿದರು. ಲಾಟರಿ ಹೊಡೆದವರ ಮುಖ ಹಾಗಿರುತ್ತದೋ ಏನೋ. ಇಷ್ಟು ವರ್ಷ ಜೊತೆಯಲ್ಲಿದ್ದು ನಾನು ಆ ಪ್ರಶ್ನೆ ಕೇಳಿರಲಿಲ್ಲ.

ನಿವೃತ್ತಿಯ ದಿನ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮಾತಾಡಿ ಎಂದು ಮೈಕಿನ ಮುಂದೆ ನಿಲ್ಲಿಸಿದೆವು. ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡು “ಹೋಗಿ ಬರ್ತೀನಿ” ಅಂದು ಕೂತರು. ಹೇಳಿದ ಹಾಗೆ ಬಂದರು ಕೂಡ. ಮರುವರ್ಷದ ವಾರ್ಷಿಕೋತ್ಸವದಲ್ಲಿ ಪರದೆಯ ಹಗ್ಗ ಅವರ ಕೈಯಲ್ಲೇ ಇತ್ತು.

ಹೋದ ತಿಂಗಳು ಸುದ್ದಿ ತಿಳಿದು ನಾನು ಹೋದಾಗ ಮಗಳು ಆಗಲೇ ಹಾಸನದಿಂದ ಬಂದಿದ್ದಳು. ನಡುಮನೆಯಲ್ಲಿ ಮಲಗಿಸಿದ್ದರು. ಜನ ಬರುತ್ತಿದ್ದರು, ಕೂರುತ್ತಿದ್ದರು, ಸುಮ್ಮನೆ ಎದ್ದು ಹೋಗುತ್ತಿದ್ದರು. ಹಳೆಯ ಮಕ್ಕಳು, ಡ್ರಿಲ್ ಮಾಸ್ತರು, ಎಲ್ಲರೂ. ಆಗ ಹುಲಿಕೆರೆಯಿಂದ ಆಟೋ ಬಂತು. ಅಜ್ಜಿ ಈಗ ಬಗ್ಗಿ ಅರ್ಧವಾಗಿದೆ, ಕೋಲಿಲ್ಲದೆ ನಡೆಯಲಾರದು. ಬಂದು ಮೇಷ್ಟ್ರ ತಲೆಯ ಹತ್ತಿರ ಕೂತು, ಅವರ ಕೈಯನ್ನು ನೋಡಿತು. ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ಮಗಳ ಕಡೆ ತಿರುಗಿತು.

“ಮೇಷ್ಟ್ರು ಊಟ ಮಾಡಿದ್ರಾ ಮಗ?”

“ಮಾಡಿದ್ರಂತೆ ಅಜ್ಜಿ” ಅಂದಳು ಮಗಳು. “ತಟ್ಟೆ ತೊಳೆದಿಟ್ಟಿದ್ರು.”

ಅಜ್ಜಿ ತಲೆಯಾಡಿಸಿತು. ಕೊನೆಗೆ ಕೋಲು ಊರಿ ಎದ್ದು, ಮೇಷ್ಟ್ರ ಕಡೆ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ “ಬತ್ತೀನಿ ಮೇಷ್ಟ್ರೇ” ಅಂದಿತು. ಯಾರೋ ಅದರ ತೋಳು ಮುಟ್ಟಿ ಸುಮ್ಮನಿರಿಸಲು ಹೋದರು. ಅಜ್ಜಿ ಅವರನ್ನು ಲೆಕ್ಕಕ್ಕಿಡದೆ ನಿಧಾನವಾಗಿ ಹೊಸ್ತಿಲು ದಾಟಿತು.

ನಾನು ಪದ್ಧತಿ ಬಲ್ಲವಳು. ಹೇಳದೆ ಎದ್ದು ಹೋಗಬೇಕೆಂದೇ ಎದ್ದು ನಿಂತಿದ್ದೆ. ಬಾಗಿಲವರೆಗೆ ಹೋದವಳು ಹಿಂದಿರುಗಿ ಬಂದೆ.

“ನಾನೂ ಬರ್ತೀನಿ ಮೇಷ್ಟ್ರೇ” ಅಂದೆ.